ಹಪ್ಪಳ ಮುಗಿದ ಮೇಲಿನ ಪುಟ

ಕಳೆದ ಬೇಸಿಗೆಯಲ್ಲಿ ಯಲ್ಲಾಪುರದಲ್ಲಿ ಒಂದು ಸಣ್ಣ ತರಬೇತಿ ಇತ್ತು. ಜೇನು ಮಾರುವವರು, ಮನೆಯಲ್ಲೇ ಪ್ರವಾಸಿಗರನ್ನು ಉಳಿಸಿಕೊಳ್ಳುವವರು, ಕೋಕಂ ಶರಬತ್ತು ಮಾಡುವವರು ಬಂದಿದ್ದರು. ಎಲ್ಲರದ್ದೂ ಒಂದೊಂದು ವೆಬ್‌ಸೈಟ್ ಇತ್ತು, ಅದರಿಂದ ಗಿರಾಕಿ ಬಂದದ್ದು ಮಾತ್ರ ಇರಲಿಲ್ಲ. ಅವರಿಗೆ ಎರಡು ಮಾತು ಹೇಳಲು ನನ್ನನ್ನು ಕರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಸಭಾಭವನದ ಹಿಂದಿನ ಅಡುಗೆಮನೆಯಿಂದ ಹಲಸಿನ ಹಪ್ಪಳ ಸುಡುವ ವಾಸನೆ ಬಂತು. ಎಣ್ಣೆಯಲ್ಲಿ ಕರಿದ ಹಪ್ಪಳದ ವಾಸನೆ ಬೇರೆ, ಕೆಂಡದ ಮೇಲೆ ಸುಟ್ಟದ್ದು ಬೇರೆ. ಸುಟ್ಟದ್ದರಲ್ಲಿ ಸ್ವಲ್ಪ ಹೊಗೆ, ಸ್ವಲ್ಪ ಜೀರಿಗೆ, ಮತ್ತೆ ಹಲಸಿನ ಒಂದು ಒಗರು ಇರುತ್ತದೆ. ಅಷ್ಟು ಹೊತ್ತಿಗೆ ಹಿಂದಿನ ಸಾಲಿನ ಒಬ್ಬರು ಎದ್ದು ಕೇಳಿದರು: "ಸರ್, ನಮ್ಮ ಸೈಟು ಸರ್ಚ್‌ನಲ್ಲಿ ಮೇಲೆ ಬರಬೇಕಂದ್ರೆ ಎಂತ ಮಾಡ್ಬೇಕು? ಸುಲಭದ್ದು ಒಂದೇ ಒಂದು ಹೇಳಿ."

ಪರದೆಯ ಮೇಲೆ ನಾನು ಮಾಡಿಕೊಂಡು ಹೋಗಿದ್ದ ಪಟ್ಟಿ ಇತ್ತು. ಅದನ್ನು ಬಿಟ್ಟು ೨೦೦೭ನೇ ಇಸವಿಯ ಮಳೆಗಾಲದಿಂದ ಮುಂದಿನ ಮಳೆಗಾಲದವರೆಗಿನ ಒಂದು ವರ್ಷದ ಕತೆ ಹೇಳಿದೆ. ಊಟದ ಗಂಟೆ ಹೊಡೆದದ್ದರಿಂದ ಅಲ್ಲಿ ಅರ್ಧಕ್ಕೇ ನಿಂತಿತು. ಪೂರ್ತಿಯಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಶಿರಸಿಯಲ್ಲಿ, ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಒಂದು ಮಹಡಿಯ ಮೇಲೆ ಕೆಲಸಕ್ಕಿದ್ದೆ. ಮುಂದಿನ ಅರ್ಧ ಸೈಬರ್ ಸೆಂಟರ್, ಹಿಂದಿನ ಅರ್ಧ ವೆಬ್‌ಸೈಟ್ ಮಾಡುವ ಜಾಗ. ಹಿಂದಿನ ಅರ್ಧ ಅಂದರೆ ನಾನೊಬ್ಬನೇ. ನಮ್ಮ ಮನೆ ಇಡಗುಂದಿಯಲ್ಲಿ. ಅಪ್ಪ ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ದಿಮ್ಮಿ ಹೊರಳಿಸುವ ಕೆಲಸ ಮಾಡಿದವರು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬಿ.ಕಾಂ. ಓದುವಾಗ ಹಾಸ್ಟೆಲ್ಲಿನಲ್ಲಿ ಬಡಿಸುವ ಕೆಲಸ ಮಾಡಿದ್ದೇನೆ, ಕಂಪ್ಯೂಟರ್ ಕಲಿಯಲು ಅದೇ ಸೈಬರ್ ಸೆಂಟರಿನ ನೆಲ ಗುಡಿಸಿದ್ದೇನೆ. ಕಲಿತದ್ದು ನನ್ನದು, ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ಅಪ್ಪನಿಗೆ ನನ್ನ ಕೆಲಸ ಏನೆಂದು ತಿಳಿಯುತ್ತಿರಲಿಲ್ಲ. "ಕುಂತ್ಕಂಡು ಮಾಡೂದಂತೆ" ಎಂದು ಕೇಳಿದವರಿಗೆ ಹೇಳುತ್ತಿದ್ದರು. ಒಮ್ಮೆ ನಾನೇ ಅವರಿಗೆ ಗೊತ್ತಿರುವ ರೀತಿಯಲ್ಲಿ ಹೇಳಿದೆ. ಡಿಪೋದಲ್ಲಿ ದಿಮ್ಮಿಯ ಕೊಯ್ದ ಮುಖಕ್ಕೆ ಸುತ್ತಿಗೆಯಿಂದ ಗುರುತು ಹೊಡೆಯುತ್ತಾರಲ್ಲ, ಗುರುತಿಲ್ಲದ ದಿಮ್ಮಿ ಎಷ್ಟೇ ಚಲೋ ಸಾಗವಾನಿ ಇದ್ದರೂ ರಾಶಿಯಲ್ಲಿ ಇದ್ದೂ ಇಲ್ಲದ ಹಾಗೆ. ಪುಟಗಳಿಗೂ ಹಾಗೇ ತಲೆಬರಹದ ಗುರುತು ಇರುತ್ತದೆ. ಹುಡುಕುವ ಯಂತ್ರ ಮೊದಲು ನೋಡುವುದು ಅದನ್ನು. ಅದನ್ನು ಸರಿಯಾಗಿ ಹೊಡೆಯುವುದು ನನ್ನ ಕೆಲಸ. ಅಪ್ಪ, "ಹಂಗಾರೆ ನೀನೂ ಡಿಪೋದಲ್ಲೇ ಇದ್ದೀಯ" ಎಂದರು.

ನಮ್ಮ ಅಂಗಡಿಯ ಯಜಮಾನರು ವಸಂತಣ್ಣ. ಒಳ್ಳೆಯ ಮನುಷ್ಯ, ಆದರೆ ತಾಳ್ಮೆ ಇಲ್ಲ. ಕೆಲಸ ಒಪ್ಪಿಕೊಂಡ ದಿನವೇ ಮುಗಿಯಬೇಕು, ಮುಗಿದ ದಿನವೇ ದುಡ್ಡು ಬರಬೇಕು.

ಚೌತಿ ಕಳೆದ ಮೇಲೆ ಒಂದು ಮಳೆಯ ಬೆಳಿಗ್ಗೆ ಗೌರಕ್ಕ ಮೆಟ್ಟಿಲು ಹತ್ತಿ ಬಂದರು. ಸಿದ್ದಾಪುರ ತಾಲೂಕಿನ ತ್ಯಾಗಲಿಯವರು. ಐವತ್ತರ ಆಚೀಚೆ ವಯಸ್ಸು, ಕೊಡೆಯನ್ನು ಬಾಗಿಲ ಹೊರಗೆ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಕುರ್ಚಿಯ ತುದಿಯಲ್ಲಿ ಕುಳಿತರು. ನನ್ನ ಹತ್ತಿರ ಮಾತಾಡುವಾಗ ಅವರದ್ದು ಅರ್ಧ ಮನೆಮಾತು, ಅರ್ಧ ಪೇಟೆಮಾತು. ಆ ಮನೆಮಾತಿನಲ್ಲಿ 'ಆನು' ಅಂದರೆ ನಾನು, 'ಯಂಗಳ' ಅಂದರೆ ನಮ್ಮ, 'ಇದ್ದು' ಅಂದರೆ ಇದೆ, 'ಹೇಳಿ' ಅಂದರೆ ಎಂದು.

"ತಮಾ, ಯಂಗಳ ವೆಬ್‌ಸೈಟ್ ಯಾರಿಗೂ ಸಿಗ್ತಿಲ್ಲೆ ಹೇಳಿ ಹೇಳ್ತ. ಎಂತ ಆಜು ನೋಡು."

ಅವರು ಕೊಟ್ಟ ವಿಳಾಸ ಹಾಕಿ ನೋಡಿದೆ. ಪುಟವೇ ಇರಲಿಲ್ಲ. "ಇಲ್ಲಿ ಏನೂ ಇಲ್ಲವಲ್ಲ ಅಕ್ಕ" ಎಂದೆ.

"ಈಗಿಲ್ಲೆ. ಆಷಾಢದಲ್ಲಿ ಆನೇ ತೆಗೆಸಿದ್ದೆ. ಹಪ್ಪಳ ಖಾಲಿಯಾತು, ತೆಗೆಸಿದೆ."

ವಸಂತಣ್ಣ ಅಲ್ಲೇ ಪಕ್ಕದಲ್ಲಿ ನಗು ತಡೆದುಕೊಂಡು ಕೆಮ್ಮಿದರು.

ನಿಧಾನಕ್ಕೆ ಕೇಳಿದ ಮೇಲೆ ವಿಷಯ ತಿಳಿಯಿತು. ತ್ಯಾಗಲಿಯ ಸುತ್ತಿನ ಕೆಲವು ಮನೆಗಳ ಹೆಂಗಸರು ಸೇರಿ ಹಲಸಿನ ಹಪ್ಪಳ ಮಾಡುತ್ತಿದ್ದರು. ಗಟ್ಟಿ ಸೊಳೆಯ ಬಕ್ಕೆ ಜಾತಿಯ ಬಲಿತ ಹಲಸಿನ ಕಾಯಿ, ಉಪ್ಪು, ಮೆಣಸು, ಜೀರಿಗೆ, ಕೊತ್ತಂಬರಿ. ಮತ್ತೇನೂ ಇಲ್ಲ. ವರ್ಷವರ್ಷ ಅದನ್ನು ಪೇಟೆಯ ಸಾವ್ಕಾರ್ರೊಬ್ಬರು ಒಟ್ಟಿಗೆ ಕೊಂಡು, ತಮ್ಮ ಹೆಸರಿನ ಚೀಟಿ ಹಚ್ಚಿ ಮಾರುತ್ತಿದ್ದರು. ಈಗ ಅವರು ಒಂದು ಷರತ್ತು ಹಾಕಿದ್ದರು: ಹಿಟ್ಟಿಗೆ ಮೈದಾ ಬೆರೆಸಬೇಕು. ಹಪ್ಪಳ ತೆಳ್ಳಗೆ, ಬೆಳ್ಳಗೆ, ಒಂದೇ ಸಮ ಬರುತ್ತದೆ, ಹಲಸೂ ಕಡಿಮೆ ಸಾಕು. ಗೌರಕ್ಕ ಆಗದು ಎಂದಿದ್ದರು. ಗುಂಪಿನಲ್ಲಿ ಎಲ್ಲರೂ ಅಷ್ಟು ಗಟ್ಟಿಯಾಗಿರಲಿಲ್ಲ. ಒಂದು ಹಂಗಾಮು ನಾವೇ ಮಾರಿ ನೋಡುವ, ಹೋಗದಿದ್ದರೆ ಸಾವ್ಕಾರ್ರು ಹೇಳಿದ ಹಾಗೆ ಮೈದಾ ಹಾಕುವ ಎಂದು ಮಾತಾಗಿತ್ತು. ಮುಂದಿನ ಬೇಸಿಗೆಯೇ ಆ ಹಂಗಾಮು. ಅದಕ್ಕೆ ಮೊದಲು, ಪ್ರಯೋಗಕ್ಕೆಂದು ಮದುವೆ ಕಾಗದ ಮುದ್ರಿಸುವ ಡಿಟಿಪಿಯವರ ಹತ್ತಿರ ಈ ವೆಬ್‌ಸೈಟ್ ಮಾಡಿಸಿದ್ದರು. ಅದನ್ನು ನೋಡಿ ಬಂದ ಗಿರಾಕಿ ಒಬ್ಬರೂ ಇರಲಿಲ್ಲ.

"ಖಾಲಿಯಾದ್ರೆ ಎಂತಕ್ಕೆ ತೆಗೆಸ್ಬೇಕು ಅಕ್ಕ? ಅದರ ಪಾಡಿಗೆ ಇರ್ತಿತ್ತಲ್ಲ."

ಅವರು ನನ್ನನ್ನು ನೋಡಿದ ರೀತಿ, ನಾನು ಏನೋ ಕೆಟ್ಟ ಮಾತಾಡಿದೆ ಎನ್ನುವಂತಿತ್ತು. ಅವರ ಮನೆಯ ರಸ್ತೆ ತಲೆಯಲ್ಲಿ 'ಹಪ್ಪಳ ಸಿಗುತ್ತದೆ' ಎಂಬ ಹಲಗೆ ಇತ್ತು. ಕೊನೆಯ ಡಬ್ಬ ಖಾಲಿಯಾದ ದಿನ ಸಂಜೆಯೊಳಗೆ ಅದು ಮನೆಯೊಳಗೆ ಬರಬೇಕು. ಅವರ ಅತ್ತೆಯ ಕಾಲದಿಂದ ನಡೆದುಬಂದದ್ದು. ಒಂದು ವರ್ಷ ಮರೆತದ್ದಕ್ಕೆ ಹಾವೇರಿ ಕಡೆಯ ಗಂಡ-ಹೆಂಡತಿ ಬಸ್ಸಿಳಿದು, ಕೂಸನ್ನು ಎತ್ತಿಕೊಂಡು, ಮಳೆಯಲ್ಲಿ ಅಷ್ಟು ದೂರ ನಡೆದುಬಂದರಂತೆ. ಇಲ್ಲವೆಂದು ಹೇಳಲಾಗದೆ ಮನೆಬಳಕೆಗೆ ಇಟ್ಟದ್ದನ್ನೇ ಕಟ್ಟಿಕೊಟ್ಟರಂತೆ. "ಇಲ್ಲದ್ದನ್ನ ಇದ್ದು ಹೇಳಿ ಬೋರ್ಡ್ ತೂಗು ಹಾಕಿ, ಜನರ ಕಾಲು ಸವೆಸಲಾಗ" ಎಂದರು. ಅವರ ಲೆಕ್ಕದಲ್ಲಿ ವೆಬ್‌ಸೈಟೂ ಒಂದು ಹಲಗೆಯೇ. ಹಪ್ಪಳ ಮುಗಿಯಿತು, ಒಳಗೆ ತಂದಿಟ್ಟರು.

ಆ ದಿನ ನಾನು ವಾದ ಮಾಡಲಿಲ್ಲ. ಡಿಟಿಪಿಯವರು ಕೊಟ್ಟ ಸೀಡಿ ಅವರ ಚೀಲದಲ್ಲಿತ್ತು, ಮೊದಲು ಅದನ್ನು ಹಾಕಿ ನೋಡಿದೆ. ನೋಡಲು ಚಂದವಿತ್ತು. ಸುತ್ತ ಮಾವಿನೆಲೆಯ ತೋರಣ, ಮೇಲೆ ದೇವರ ಹೆಸರು, ಅದರ ಕೆಳಗೆ ಹಿರಿಯರ ಆಶೀರ್ವಾದ, ಸಹಕಾರ ಕೊಟ್ಟವರಿಗೆಲ್ಲ ವಂದನೆ. ಹಪ್ಪಳ ಎನ್ನುವ ಮಾತು ಬಂದದ್ದು ತೀರಾ ಕೆಳಗೆ, ಮದುವೆ ಕಾಗದದಲ್ಲಿ 'ಸುಖಾಗಮನ ಬಯಸುವವರು' ಬರುವ ಜಾಗದಲ್ಲಿ. ಸಂಪರ್ಕ ಎಂಬಲ್ಲಿ ಫೋನ್ ನಂಬರಿರಲಿಲ್ಲ, 'ಬಸ್ಸಿಳಿದು ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ' ಎಂದಿತ್ತು. ಮತ್ತು ಪೂರ್ತಿ ಪುಟ ಒಂದೇ ಒಂದು ಚಿತ್ರ. ಅಕ್ಷರಗಳೂ ಚಿತ್ರದ ಭಾಗವೇ.

"ಅಕ್ಕ, ಹುಡುಕುವ ಯಂತ್ರಕ್ಕೆ ಕಣ್ಣಿಲ್ಲ. ಅದಕ್ಕೆ ಓದಲು ಬರುವುದು ಅಕ್ಷರವಾಗಿ ಟೈಪ್ ಮಾಡಿದ್ದು ಮಾತ್ರ. ಇದು ಚಿತ್ರ. ಇದರಲ್ಲಿ ಹಪ್ಪಳ ಇದೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ."

"ಕುರುಡಂಗೆ ಮದುವೆ ಕಾಗದ ಕೊಟ್ಟಾಂಗಾತು ಹೇಳು."

"ಹೌದು."

"ಅವ ಊಟಕ್ಕೆ ಬರದೇ ಇದ್ದದ್ದು ಅವನ ತಪ್ಪಲ್ಲ ಹಂಗಾರೆ."

ಆಮೇಲಿನ ವಾರ ನಾನು ತ್ಯಾಗಲಿಗೆ ಹೋದೆ. ವೆಬ್‌ಸೈಟಿನಲ್ಲಿ ಏನು ಬರೆಯಬೇಕೆಂದು ಯಜಮಾನರನ್ನು ಕೇಳಿದರೆ ಅವರು ತಮ್ಮ ಬಗ್ಗೆ ಹೇಳುತ್ತಾರೆ. ಗಿರಾಕಿ ಹುಡುಕುವುದು ತನ್ನ ಪ್ರಶ್ನೆಯನ್ನು. ಇದು ನಾನು ಆ ಹೊತ್ತಿಗಾಗಲೇ ಕಲಿತಿದ್ದ ಪಾಠ, ಇವತ್ತಿಗೂ ಬದಲಾಗಿಲ್ಲ. ಹಾಗಾಗಿ ಹೆಂಗಸರನ್ನೆಲ್ಲ ಕೂರಿಸಿಕೊಂಡು, ನಿಮ್ಮ ಬಗ್ಗೆ ಹೇಳಬೇಡಿ, ಹಪ್ಪಳ ಕೊಳ್ಳಲು ಬಂದವರು ಏನೇನು ಕೇಳುತ್ತಾರೆ ಅದನ್ನು ಹೇಳಿ ಎಂದೆ. ಗುಂಪಿನಲ್ಲಿ ಬಾಯಿ ಜೋರಿದ್ದವರು ಸರೋಜಕ್ಕ. ಸಾವ್ಕಾರ್ರ ಮಾತಿಗೆ ಒಪ್ಪುವ ಎಂದು ಮೊದಲು ಹೇಳಿದವರೂ ಅವರೇ.

"ಮೈದಾ ಹಾಕ್ತ್ರನ ಹೇಳಿ ಕೇಳ್ತ" ಎಂದರು ಒಬ್ಬರು.

"ಎಷ್ಟು ದಿನ ಇಡ್ಲಕ್ಕು ಹೇಳಿ ಕೇಳ್ತ."

"ಬೆಂಗಳೂರಿನವು ಕೆಂಡ ಇಲ್ಲೆ, ಗ್ಯಾಸಿನ ಮೇಲೆ ಸುಡ್ಲಾಗ್ತ ಕೇಳ್ತ."

"ನನ್ನ ನಾದಿನಿ ಕೇಳ್ತು, ಹಲಸು ತಿಂದ್ರೆ ಹೊಟ್ಟೆ ಉಬ್ಬರಿಸ್ತಲ್ಲ, ಹಪ್ಪಳ ತಿಂದ್ರೂ ಉಬ್ಬರಿಸ್ತ ಹೇಳಿ" ಎಂದರು ಸರೋಜಕ್ಕ. "ಅದ್ಕೆ ಉತ್ತರ ಬರೆಯದೇ ಬ್ಯಾಡ. ಎಷ್ಟು ತಿಂದೆ ಹೇಳಿ ವಾಪಸ್ ಕೇಳವು."

ಎಲ್ಲರೂ ನಕ್ಕರು. ನಾನು ಅದನ್ನೂ ಬರೆದುಕೊಂಡೆ. ಒಂದೊಂದು ಪ್ರಶ್ನೆಯೂ ಒಂದೊಂದು ತಲೆಬರಹವಾಯಿತು, ಅದರ ಕೆಳಗೆ ಅವರದ್ದೇ ಮಾತಿನ ಉತ್ತರ. ಫೋಟೋಗಳನ್ನು ಸಣ್ಣದು ಮಾಡಿದೆ, ಯಾಕೆಂದರೆ ಆಗಿನ ಇಂಟರ್‌ನೆಟ್ಟಿನಲ್ಲಿ ದೊಡ್ಡ ಚಿತ್ರ ಬರುವಷ್ಟರಲ್ಲಿ ನೋಡುವವರು ಎದ್ದು ಹೋಗಿರುತ್ತಿದ್ದರು. ಪ್ರತಿ ಫೋಟೋದ ಹಿಂದೆ ಇದು ಯಾವುದರ ಚಿತ್ರ ಎಂದು ಅಕ್ಷರದಲ್ಲಿ ಬರೆದೆ. ಒಂದು ಪುಟ ಇಂಗ್ಲಿಷಿನಲ್ಲಿ, ಒಂದು ಕನ್ನಡದಲ್ಲಿ. ಕನ್ನಡದ್ದನ್ನು ಊರಿನ ಡಿಟಿಪಿಯವರು ಬಳಸುವ ಫಾಂಟು ಬಿಟ್ಟು ಯೂನಿಕೋಡಿನಲ್ಲಿ ಮಾಡಿದೆ, ಆಗ ಮಾತ್ರ ಯಂತ್ರಕ್ಕೆ ಅದು ಕನ್ನಡ ಎಂದು ತಿಳಿಯುತ್ತಿತ್ತು. "ಕನ್ನಡದಲ್ಲಿ ಯಾರು ಮಾರಾಯ ಸರ್ಚ್ ಮಾಡ್ತಾರೆ?" ಎಂದು ವಸಂತಣ್ಣ ಕೇಳಿದರು. ಈಗ ಇಲ್ಲ, ಮುಂದೆ ಮಾಡುತ್ತಾರೆ ಎಂದೆ. ಅವರು ಹೆಗಲು ಕುಣಿಸಿದರು.

ಫೋನ್ ನಂಬರ್ ಹಾಕಲು ಗೌರಕ್ಕ ಒಪ್ಪಿದರು. ಯಾವ ಹೊತ್ತಿನಲ್ಲಿ ಎತ್ತುತ್ತೇವೆ ಎನ್ನುವುದನ್ನೂ ಬರೆದೆವು, ಯಾಕೆಂದರೆ ಬೆಳಿಗ್ಗೆ ಅವರು ಕೊಟ್ಟಿಗೆಯಲ್ಲಿರುತ್ತಿದ್ದರು.

ಎಲ್ಲ ತಯಾರಾದದ್ದು ದೀಪಾವಳಿಗೆ ಸ್ವಲ್ಪ ಮೊದಲು. ಹಾಕಿಬಿಡುತ್ತೇನೆ ಎಂದು ಫೋನ್ ಮಾಡಿದೆ. ಗೌರಕ್ಕ ಬೇಡವೆಂದರು.

"ಮನೇಲಿ ಒಂದು ಹಪ್ಪಳ ಇಲ್ಲೆ ತಮಾ. ಹಲಸು ಬರದು ಬೇಸಿಗೆಗೆ. ಈಗ ಎಂತ ಹೇಳಿ ಹಾಕ್ತೆ? ಹಪ್ಪಳ ಒಣಗಿದ ಮೇಲೆ ಹೇಳ್ತೆ, ಆಗ ಹಾಕು."

"ಆಗ ಹಾಕಿದ್ರೆ ಉಪಯೋಗ ಇಲ್ಲ ಅಕ್ಕ."

ಫೋನಿನಲ್ಲಿ ತಿಳಿಸುವ ವಿಷಯವಲ್ಲವೆಂದು ಅವರು ಶಿರಸಿಗೆ ಬಂದಾಗ ಕೂರಿಸಿ ಹೇಳಿದೆ. ಹುಡುಕುವ ಯಂತ್ರ ಕರೆದ ಕೂಡಲೇ ಬರುವುದಿಲ್ಲ. ಹಳ್ಳಿಯ ಅಂಚೆಯವನ ಹಾಗೆ, ಸುತ್ತು ಹಾಕುತ್ತ ಹಾಕುತ್ತ ಯಾವತ್ತೋ ನಿಮ್ಮ ಮನೆಗೆ ಬರುತ್ತದೆ. ಹೊಸ ಮನೆಯಾದರೆ ನಂಬುವುದಕ್ಕೆ ಇನ್ನೂ ಕೆಲವು ತಿಂಗಳು ಬೇಕು. ಬಂದಾಗ ಬಾಗಿಲು ಹಾಕಿದ್ದರೆ ಪಟ್ಟಿಯಿಂದಲೇ ತೆಗೆದುಬಿಡುತ್ತದೆ. ನೀವು ಹಪ್ಪಳ ಒಣಗಿಸಿ ಪುಟ ಹಾಕಿ, ಅದು ಜನರ ಕಣ್ಣಿಗೆ ಬೀಳುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಮತ್ತೆ ಹಪ್ಪಳ ಮುಗಿಯಿತೆಂದು ಪುಟ ತೆಗೆದರೆ, ಬರುವ ವರ್ಷ ಪುನಃ ಮೊದಲಿಂದ.

"ನಿಮಗಿರೋದು ಒಂದು ಹಂಗಾಮು" ಎಂದೆ. "ಅದು ಹೋದ್ರೆ ಮೈದಾ."

ಅವರು, "ನೀ ಹೇಳದು ಸರಿ ಇದ್ದಿಕ್ಕು. ಆದ್ರೆ ಮೈದಾ ಹಾಕದು ಮೋಸ ಹೇಳಿ ಆನು ಸಾವ್ಕಾರ್ರ ಹತ್ರ ಜಗಳ ಮಾಡಿದ್ದೆ. ಇಲ್ಲದ ಹಪ್ಪಳ ಇದ್ದು ಹೇಳಿ ಹಾಕಿದ್ರೆ ಆನು ಎಂತ ಮಾಡ್ದಾಂಗಾತು?" ಎಂದರು. ಕೊಡೆ ತೆಗೆದುಕೊಂಡು ಇಳಿದು ಹೋದರು.

ವಸಂತಣ್ಣನಿಗೆ ಈ ಕೆಲಸ ಸಾಕಾಗಿತ್ತು. ಅವರ ಹತ್ತಿರ ಬೇರೆ ಉಪಾಯವಿತ್ತು. ಹೊರಗಿನ ಊರಿನ ಯಾರೋ ಫೋನ್ ಮಾಡಿ, ವಾರದಲ್ಲಿ ಯಾವ ಸೈಟನ್ನಾದರೂ ಮೊದಲನೇ ಸ್ಥಾನಕ್ಕೆ ತರುತ್ತೇನೆ ಎಂದಿದ್ದ. ಅವನ ವಿದ್ಯೆ ನನಗೆ ಗೊತ್ತಿತ್ತು. ಬಿಳಿ ಪುಟದಲ್ಲಿ ಬಿಳಿ ಅಕ್ಷರದಿಂದ 'ಹಪ್ಪಳ ಹಪ್ಪಳ ಹಪ್ಪಳ' ಎಂದು ನೂರಾರು ಸಲ ಬರೆದಿಡುವುದು. ಮನುಷ್ಯರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ. ಜೊತೆಗೆ ಎಲ್ಲೆಲ್ಲಿಯದೋ ಜೂಜಿನ ಸೈಟುಗಳಿಂದ ಕೊಂಡಿ, ಅಂದರೆ ಲಿಂಕ್, ಹಾಕಿಸುವುದು.

"ಏರಿದ್ದು ಎಷ್ಟು ಬೇಗವೋ ಬೀಳೋದೂ ಅಷ್ಟೇ ಬೇಗ" ಎಂದೆ. "ಕಂಡುಹಿಡಿದರೆ ಪಟ್ಟಿಯಿಂದ ಕಾಯಂ ಹೊರಗೆ ಹಾಕ್ತಾರೆ."

"ನಿನ್ನ ಗೌರಕ್ಕ ಹೆಂಗೂ ಒಳಗೆ ಬರ್ತಾ ಇಲ್ಲ" ಎಂದರು ವಸಂತಣ್ಣ.

ಅದು ನಿಜವಾಗಿತ್ತು. ನನಗೆ ಸಿಟ್ಟು ಗೌರಕ್ಕನ ಮೇಲಲ್ಲ. ಇಷ್ಟು ಕಷ್ಟಪಟ್ಟು ಕಲಿತ ವಿದ್ಯೆ ಒಂದು ನಿಯತ್ತಿನ ಮುಂದೆ ಕೆಲಸಕ್ಕೆ ಬಾರದು ಎನ್ನುವುದನ್ನು ನಾನು ಒಪ್ಪಲು ತಯಾರಿರಲಿಲ್ಲ. ದೀಪಾವಳಿಗೆ ಊರಿಗೆ ಹೋದವನು ಅದನ್ನೇ ಯೋಚಿಸುತ್ತಿದ್ದೆ. ಮನೆಯ ಹತ್ತಿರದ ಅಂಗಡಿಗೆ ಅವ್ವ ಬೆಲ್ಲ ತರಲು ಕಳಿಸಿದಳು. ಅಂಗಡಿಯವರು, "ಬೆಲ್ಲ ಇಲ್ಲ, ನಾಳೆ ಬರ್ತದೆ" ಎಂದರು. ಅಂಗಡಿ ತೆರೆದೇ ಇತ್ತು. ಬೆಲ್ಲ ಇಲ್ಲವೆಂದು ಯಾರೂ ಬಾಗಿಲು ಹಾಕಿಕೊಂಡು ಹೋಗಿರಲಿಲ್ಲ. ನಾನು ಮರುದಿನ ಬೆಲ್ಲಕ್ಕೆ ಅಲ್ಲಿಗೇ ಹೋಗುವವನಿದ್ದೆ.

ಇದು ದೊಡ್ಡ ಸಂಶೋಧನೆಯೇನಲ್ಲ. ಆದರೆ ಅಲ್ಲಿಂದ ಸೀದಾ ತ್ಯಾಗಲಿಗೆ ಹೋದೆ.

ಜಗಲಿಯಲ್ಲಿ ಗೌರಕ್ಕ, ಸರೋಜಕ್ಕ ಇಬ್ಬರೂ ಇದ್ದರು. "ಪುಟದ ಮೊದಲನೇ ಸಾಲಿನಲ್ಲೇ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, 'ಈಗ ಹಪ್ಪಳ ಇಲ್ಲ' ಅಂತ ಹಾಕ್ತೆ" ಎಂದೆ. "ಅದರ ಕೆಳಗೆ, ಹಲಸು ಯಾವಾಗ ಬರ್ತದೆ, ಹಪ್ಪಳ ಯಾವಾಗ ಆಗ್ತದೆ, ಅಷ್ಟೇ. ಉಳಿದ ಪ್ರಶ್ನೆ-ಉತ್ತರ ಎಲ್ಲ ಅದರ ಕೆಳಗೆ. ಯಾರ ಕಾಲೂ ಸವೆಯೂದಿಲ್ಲ. ಬಾಗಿಲೂ ತೆರೆದಿರ್ತದೆ."

ಸರೋಜಕ್ಕ ಮೊದಲು ಬಾಯಿ ಬಿಟ್ಟರು. "ಇಲ್ಲೆ ಹೇಳಲೆ ಅಂಗಡಿ ತೆರೆದವ್ವು ಯಂಗಳೇ ಮೊದ್ಲು. ಜನ ನಗಾಡ್ತ."

ಗೌರಕ್ಕ ನಗಲಿಲ್ಲ. "ಬಣ್ಣ ಎಂತ ಹಾಕ್ತೆ?"

"ಕಪ್ಪು."

"ಕೆಂಪು ಹಾಕು. ಕಣ್ಣಿಗೆ ಹೊಡೆಯವು. ಮತ್ತೆ ಆನು ಹೇಳ್ದಾಂಗೆ ಆಗಾಗ ತಿದ್ದವು. ಹೂ ಬಿಟ್ರೆ ಹೂ ಬಿಟ್ಟಿದ್ದು ಹೇಳಿ, ಇಲ್ಲದ್ರೆ ಇಲ್ಲೆ ಹೇಳಿ. ಅಡ್ಡಿಲ್ಯ?"

ನನಗೆ ಅಡ್ಡಿ ಏನು? ಆಗಾಗ ತಿದ್ದಿದ ಪುಟಕ್ಕೆ ಆ ಯಂತ್ರ ಹೆಚ್ಚು ಸಲ ಬರುತ್ತದೆ. ಅದನ್ನು ಹೇಳಿ ಒಪ್ಪಿಸುವುದು ಹೇಗೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ, ಅವರೇ ಷರತ್ತು ಹಾಕಿದರು.

ಚಳಿಗಾಲ ಹಾಗೆ ನಡೆಯಿತು. ವಾರಕ್ಕೋ ಹದಿನೈದು ದಿನಕ್ಕೋ ಅಂಗಡಿಯ ಫೋನ್ ಹೊಡೆದುಕೊಳ್ಳುತ್ತಿತ್ತು. "ತಮಾ, ಬರ್ಕೊ. ಮನೆ ಹಿಂದಿನ ಬಕ್ಕೆ ಮರಕ್ಕೆ ಸಣ್ಣ ಮಿಡಿ ಬಿಟ್ಟಿದ್ದು. ಕೆಳಗಿನ ಮರದ್ದು ಮಂಗ ಉದುರಿಸಿದ್ದು." ನಾನು ಹಾಗೇ ಹಾಕುತ್ತಿದ್ದೆ. "ಮಂಗನ ವಿಷಯ ಬಿಡುವನ ಅಕ್ಕ?" ಎಂದರೆ, "ಎಂತಕ್ಕೆ ಬಿಡವು? ಆಗಿದ್ದಲ್ದ?" ಎನ್ನುತ್ತಿದ್ದರು. ಪುಟವನ್ನು ದಿನಕ್ಕೆ ಎಷ್ಟು ಜನ ನೋಡಿದರೆಂದು ತಿಳಿಯುವ ಒಂದು ಲೆಕ್ಕದ ಯಂತ್ರ ಹಾಕಿದ್ದೆ. ಮೊದಲು ತಿಂಗಳುಗಟ್ಟಲೆ ಅದರಲ್ಲಿ ಕಂಡವರು ನಾನು ಮತ್ತು ವಸಂತಣ್ಣ. ನಾವಿಬ್ಬರೂ ನೋಡುವುದನ್ನು ನಿಲ್ಲಿಸಿದ ವಾರ ಒಬ್ಬರೂ ಇರಲಿಲ್ಲ.

ಆ ಸಮಯದಲ್ಲಿ ಮಾಡಿದ ಇನ್ನೊಂದು ಕೆಲಸ ಹೇಳಬೇಕು. ಸೋಂದಾ ಮೂಲದ ಒಬ್ಬ ಹೆಂಗಸು ಪುಣೆಯಲ್ಲಿದ್ದುಕೊಂಡು ನಮ್ಮ ಕಡೆಯ ಅಡುಗೆಯ ಬಗ್ಗೆ ಬ್ಲಾಗ್ ಬರೆಯುತ್ತಿದ್ದರು. ಹಲಸಿನ ಬಗ್ಗೆ ಅವರು ಬರೆದದ್ದನ್ನು ಪೂರ್ತಿ ಓದಿ, ಅದರಲ್ಲಿ ಹಪ್ಪಳದ ಮಾತು ಬರುವ ಕಡೆ ಇವರ ಪುಟ ಉಪಯೋಗಕ್ಕೆ ಬರಬಹುದು ಎಂದು ಒಂದು ಇಮೇಲ್ ಬರೆದೆ. ದುಡ್ಡಿನ ಮಾತಾಡಲಿಲ್ಲ, ಹೊಗಳಲೂ ಇಲ್ಲ. ಅವರು ಪುಟ ನೋಡಿ, ಮಂಗನ ವಿಷಯ ಓದಿ ನಕ್ಕು, ಕೊಂಡಿ ಕೊಟ್ಟರು. ಹೆಣ್ಣು ಕೇಳಲು ಹೋಗುವಾಗ ಗುರುತಿನವರೊಬ್ಬರು 'ಅವರು ಒಳ್ಳೆ ಮನೆತನ' ಎಂದು ಹೇಳಿದರೆ ಮಾತು ಮುಂದುವರಿಯುತ್ತದಲ್ಲ, ಹುಡುಕುವ ಯಂತ್ರಕ್ಕೆ ಇಂಥ ಕೊಂಡಿಯೂ ಹಾಗೆ. ಜೂಜುಕೋರರು ನೂರು ಜನ ಬಂದು ಹೇಳಿದರೆ ಯಾರೂ ಹೆಣ್ಣು ಕೊಡುವುದಿಲ್ಲ. ವಸಂತಣ್ಣನಿಗೆ ಈ ಹೋಲಿಕೆ ಹಿಡಿಸಿತು. ಆಮೇಲೆ ಅವರೇ ಎಲ್ಲರಿಗೂ ಹೇಳತೊಡಗಿದರು, ತಮ್ಮದೇ ಎನ್ನುವ ಹಾಗೆ.

ಶಿವರಾತ್ರಿಯ ಸುಮಾರಿಗೆ ಗೌರಕ್ಕ ಫೋನ್ ಮಾಡಿದರು. ಧ್ವನಿ ಬೇರೆಯಾಗಿತ್ತು.

"ಧಾರವಾಡದಿಂದ ಒಬ್ಬರು ಫೋನ್ ಮಾಡಿದ್ವು ತಮಾ. 'ಹಪ್ಪಳ ಯಾವಾಗ ಬರ್ತಾವ್ರಿ?' ಹೇಳಿ ಕೇಳ್ದ. ಆನು, ಈಗಿಲ್ಲೆ, ಪುಟದಲ್ಲಿ ಬರೆದಿದ್ದಲ್ಲ ಹೇಳ್ದೆ. ಅದಕ್ಕೆ ಅವು ಎಂತ ಹೇಳ್ದ ಗೊತ್ತಿದ್ದ?" ಗೌರಕ್ಕ ಅವರ ಮಾತಿನ ಧಾಟಿಯನ್ನೇ ಹಿಡಿದು ಹೇಳಿದರು: "'ಅದನ್ನ ಓದೇ ಫೋನ್ ಮಾಡೀನ್ರಿ. ಇಲ್ಲ ಅಂತ ಹೇಳೋರ ಕಡೆ, ಇದ್ದಾಗ ಚಲೋನ ಇರ್ತಾವ. ನಮ್ಮ ಹೆಸರು ಹಚ್ಚಿ ಇಡ್ರಿ.'"

ಅದಾದ ಮೇಲೆ ಮುಂಬಯಿಯಿಂದ ಒಂದು, ಬೆಂಗಳೂರಿನಿಂದ ಕೆಲವು, ಹುಬ್ಬಳ್ಳಿಯ ಒಂದು ಖಾನಾವಳಿಯಿಂದ ಒಂದು. ಯಾರೇ ಫೋನ್ ಮಾಡಿದರೂ, ನಮ್ಮ ವಿಷಯ ಹೇಗೆ ಗೊತ್ತಾಯಿತೆಂದು ಕೇಳಿ ಎಂದು ಗೌರಕ್ಕನಿಗೆ ಹೇಳಿಕೊಟ್ಟಿದ್ದೆ. ಅದು ಈಗಲೂ ನಾನು ಎಲ್ಲರಿಗೂ ಹೇಳುವ ಮಾತು. ಯಾವ ಲೆಕ್ಕದ ಯಂತ್ರವೂ ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಹೆಚ್ಚಿನವರು ಹುಡುಕಿದ್ದು 'ಮೈದಾ ಇಲ್ಲದ ಹಲಸಿನ ಹಪ್ಪಳ' ಎಂದು. ಹೆಂಗಸರು ಮೊದಲು ಹೇಳಿದ ಪ್ರಶ್ನೆಯೇ ಅದು.

ಸರೋಜಕ್ಕ ಮಾತ್ರ ನಂಬಲಿಲ್ಲ. "ಫೋನ್ ಮಾಡದು ಸುಲಭ. ಮುಂಗಡ ಯಾರೂ ಕೊಟ್ಟಿದ್ವಿಲ್ಲೆ" ಎಂದರು. ಹಪ್ಪಳ ಕೈಯಲ್ಲಿ ಇಲ್ಲದೆ ಮುಂಗಡ ಮುಟ್ಟಲು ಗೌರಕ್ಕ ಬಿಡುವವರೂ ಅಲ್ಲ.

ಹಲಸು ಬಲಿಯಿತು. ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಒರಳಿನಲ್ಲಿ ಕುಟ್ಟಿ, ಉಂಡೆ ಮಾಡಿ ಒತ್ತಿ, ಅಂಗಳದ ಚಾಪೆಗಳ ಮೇಲೆ ಹರಡಲು ಶುರುಮಾಡಿದರು. ಸರಿಯಾಗಿ ಆಗಲೇ ಅಕಾಲದ ಮಳೆ ಹಿಡಿಯಿತು. ಮೋಡ ಕಟ್ಟಿ, ಸಂಜೆ ಸುರಿದು, ಬೆಳಿಗ್ಗೆ ಕಣ್ಣಾಮುಚ್ಚಾಲೆ ಬಿಸಿಲು. ಒಣಗದ ಹಪ್ಪಳಕ್ಕೆ ಬೂಷ್ಟು ಬಂತು. ಮೊದಲು ಒತ್ತಿದ ದೊಡ್ಡ ರಾಶಿಯನ್ನು ಪೂರ್ತಿ ದನಕ್ಕೆ ಹಾಕಿದರು. ಅದೇ ವಾರ ಸಾವ್ಕಾರ್ರ ಕಡೆಯಿಂದ ಹೇಳಿಕಳಿಸಿದ್ದರಂತೆ: ಮೈದಾ ಹಾಕಿದ್ದಾದರೆ ನಮ್ಮಲ್ಲಿ ಒಣಗಿಸುವ ಯಂತ್ರ ಇದೆ, ಹಸಿಯದ್ದನ್ನೇ ತೆಗೆದುಕೊಳ್ಳುತ್ತೇವೆ. ಗುಂಪಿನವರ ಮುಖ ಆ ಕಡೆ ತಿರುಗಿತು. ಇನ್ನೆರಡು ವಾರ ನೋಡುವ, ಆಮೇಲೆ ಒಪ್ಪಿಬಿಡುವ ಎಂದು ಸರೋಜಕ್ಕ ಹೇಳಿದ್ದು ಬೇರೆಯವರಿಗೂ ಸರಿ ಕಂಡಿತ್ತು.

ಗೌರಕ್ಕ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಬರ್ಕೊ. ಮಳೆ ಬಂದು ಮೊದಲ ಹಪ್ಪಳ ಹಾಳಾತು. ದನಕ್ಕೆ ಹಾಕಿದ್ದ್ಯ. ತಡವಾಗ್ತು. ಕಾಯಲಾಗದವರು ಬೇರೆ ಕಡೆ ತಗಳ್ಳಿ."

ವಸಂತಣ್ಣ ನನ್ನ ಹೆಗಲ ಮೇಲಿಂದ ಓದಿ, "ಹೀಗೆ ಯಾರಾದ್ರೂ ವ್ಯಾಪಾರ ಮಾಡ್ತಾರಾ? ಕೊನೇ ವಾಕ್ಯನಾದ್ರೂ ತೆಗಿ" ಎಂದರು. ನನಗೂ ಕೈ ತಡೆಯಿತು. ಆದರೂ ಹಾಕಿದೆ. ಪುಟ ಅವರದ್ದು, ಮಾತೂ ಅವರದ್ದು.

ಹಾಕಿದ ಮರುದಿನದಿಂದ ತ್ಯಾಗಲಿಯ ಫೋನಿಗೆ ಬಿಡುವಿರಲಿಲ್ಲ. ಬಿಟ್ಟುಹೋಗಲು ಯಾರೂ ಫೋನ್ ಮಾಡಲಿಲ್ಲ. ಕಾಯುತ್ತೇವೆ, ನಮ್ಮ ಹೆಸರು ತೆಗೆಯಬೇಡಿ ಎಂದು ಹೇಳಲು ಮಾಡಿದರು. ಪುಣೆಯ ಹೆಂಗಸು ತಮ್ಮ ಬ್ಲಾಗಿನಲ್ಲಿ ಈ ಮಳೆಯ ವಿಷಯವನ್ನೇ ಬರೆದರು. ಅದನ್ನು ಓದಿದವರು ಇತ್ತ ಬಂದರು. ಎಲ್ಲ ಫೋನೂ ಗೌರಕ್ಕನೇ ಎತ್ತಲಾಗದೆ ಒಂದು ಮಧ್ಯಾಹ್ನ ಸರೋಜಕ್ಕ ಎತ್ತಿದರು. ಹುಬ್ಬಳ್ಳಿಯ ಖಾನಾವಳಿಯವರು. ಆಮೇಲೆ ಗೌರಕ್ಕ ನನಗೆ ಹೇಳಿದ್ದು: ಸರೋಜಕ್ಕ ಫೋನ್ ಕೆಳಗಿಟ್ಟು, "ಅವರಿಗೆ ಮೈದಾ ಬ್ಯಾಡ್ದಡ" ಎಂದು, ಒತ್ತುವ ಮಣೆಯ ಮುಂದೆ ಹೋಗಿ ಕೂತರಂತೆ. ಸಾವ್ಕಾರ್ರ ಮಾತು ಮತ್ತೆ ಎತ್ತಲಿಲ್ಲವಂತೆ.

ಆಮೇಲೆ ಮಳೆ ಬಿಟ್ಟು ಬಿಸಿಲು ಹಿಡಿಯಿತು. ಮೋಡ ಕಂಡರೆ ಓಡಿ ಚಾಪೆ ಸುತ್ತುವುದು, ಬಿಸಿಲು ಕಂಡರೆ ಬಿಡಿಸುವುದು, ಊರಿಡೀ ಇದೇ ಕೆಲಸ. ಕೆಂಪು ಅಕ್ಷರದ ಸಾಲನ್ನು ನಾನು ತೆಗೆದು 'ಹಪ್ಪಳ ಇದೆ' ಎಂದು ಹಾಕಿದ್ದು ಒಂದು ಸೋಮವಾರ. ಹಳೆ ಬಸ್‌ಸ್ಟ್ಯಾಂಡಿನಿಂದ ಪಾರ್ಸೆಲ್ ಹೋದವು, ಅಂಚೆಯಲ್ಲಿ ಹೋದವು, ಕೆಲವರು ತಾವೇ ಬಂದು ಒಯ್ದರು.

ಕೊನೆಯ ಡಬ್ಬ ಹೋದ ಮೇಲೆ ನನ್ನನ್ನು ಊಟಕ್ಕೆ ಕರೆದರು. ಮುಂಗಾರು ಇನ್ನೇನು ಬರುವುದಿತ್ತು. ನಾನು ಜಗಲಿಯಲ್ಲಿ ಕೂತಿರುವಾಗಲೇ ಸಾವ್ಕಾರ್ರ ಗುಮಾಸ್ತ ಟೆಂಪೋ ತಂದು ರಸ್ತೆಯಲ್ಲಿ ನಿಲ್ಲಿಸಿದ. ಪ್ರತಿ ವರ್ಷ ಈ ಹೊತ್ತಿಗೆ ಬರುವ ಟೆಂಪೋ ಅದು.

"ಎಷ್ಟು ಡಬ್ಬ ಉಂಟು ಅಕ್ಕಾ? ಹೇಳಿ, ಹುಡುಗರು ಇಳಿಸ್ತ್ರು."

"ಒಂದೂ ಇಲ್ಲೆ" ಎಂದರು ಗೌರಕ್ಕ.

"ತಮಾಷೆ ಬ್ಯಾಡ. ಅಟ್ಟದ ಮೇಲೆ ಇರ್ತದಲ್ಲ."

"ಮೊನ್ನೆಯೇ ಪುಟದಲ್ಲಿ ಬರೆಸಿದ್ದೆ, ಮುಗಿದು ಹೋತು ಹೇಳಿ. ನೋಡ್ಕ್ಯಂಡು ಬಂದಿದ್ರೆ ಇಷ್ಟು ದೂರ ಬರದು ತಪ್ತಿತ್ತು."

ಗುಮಾಸ್ತ ನನ್ನ ಮುಖ ನೋಡಿದ, ಸರೋಜಕ್ಕನ ಮುಖ ನೋಡಿದ. ಸರೋಜಕ್ಕ ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದರು. ಅವನು ಧ್ವನಿ ತಗ್ಗಿಸಿದ. "ಬರುವ ವರ್ಷದ್ದಾದ್ರೂ ಈಗಲೇ ಮಾತಾಡಿ ಇಡುವ ಅಕ್ಕಾ. ಮೈದಾ ವಿಷಯ ಸಾವ್ಕಾರ್ರು ಬಿಟ್ಟಿದಾರೆ. ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ."

"ಯಂಗಳ ಮನಸ್ಸಿಗೆ ಬಂದಾಂಗೇ ಮಾಡ್ತಾ ಇದ್ದ್ಯ" ಎಂದರು ಸರೋಜಕ್ಕ, ತಲೆ ಎತ್ತದೆ.

ಗೌರಕ್ಕ ಅವನಿಗೆ ಕೈಕಾಲು ತೊಳೆಯಲು ನೀರು ತೋರಿಸಿದರು. "ಬೇಕಾದ್ರೆ ಅವರೂ ಎಲ್ಲರ ಹಾಂಗೆ ಫೋನ್ ಮಾಡ್ಲಿ. ಈಗ ಒಳಗೆ ಬನ್ನಿ, ಎಲೆ ಹಾಕಿದ್ದು."

ಅವನು ಊಟ ಮಾಡಿಯೇ ಹೋದ. ಅನ್ನ, ತಂಬುಳಿ, ಪಲ್ಯ, ಪಾಯಸ, ಎಲ್ಲ ಇತ್ತು. ಹಪ್ಪಳ ಮಾತ್ರ ಇರಲಿಲ್ಲ.